ಇಂಟರ್‌ವಲ್‌ಗೇ ಎದ್ದು ಬಂದವನ ತಪ್ಪೊಪ್ಪಿಗೆ... ಸಾಕ್ಷಿಗೆ ಬಾಬ್ ಡಿಲನ್!

ಹೋದ ವಾರ ತಿಪಟೂರು ಕಡೆಯಿಂದ ಒಂದು ಕಾರ್ಡು ಬಂತು. ಕೆಂಪು ಇಂಕು, ದಪ್ಪಕ್ಷರ. ಬರೆದವರ ಹೆಸರು ಬೇಡ, ಅವರ ಪ್ರಶ್ನೆ ಸಾಕು. ತಿಂಗಳ ಹಿಂದೆ ಇದೇ ಪುಟದಲ್ಲಿ ನಾನೊಂದು ಚಿತ್ರವನ್ನು 'ಡಬ್ಬಾ' ಅಂತ ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೆ. ಅದಕ್ಕೆ ಅವರು ಬರೆದದ್ದು ಒಂದೇ ಸಾಲು: "ಸ್ವಾಮಿ, ಕೊನೆಯ ಇಪ್ಪತ್ತು ನಿಮಿಷ ನೋಡಿದಿರಾ, ಇಲ್ಲಾ ಇಂಟರ್‌ವಲ್‌ಗೇ ಎದ್ದು ಬಂದಿರಾ?"

ಏನು ಹೇಳಲಿ? ಇಂಟರ್‌ವಲ್‌ಗೇ ಎದ್ದು ಬಂದಿದ್ದೆ ಮಹರಾಯರೇ! ಮಳೆ ಬರೋ ಹಾಗಿತ್ತು, ಹೊಟ್ಟೆ ಹಸಿದಿತ್ತು, ಕೊನೇ ಬಸ್ಸಿನ ಚಿಂತೆ ಇತ್ತು ಅಂತೆಲ್ಲಾ ಕಾರಣ ಕೊಡಬಹುದು. ಕೊಡೋಲ್ಲ. ಅರ್ಧ ನೋಡಿ ಪೂರ್ತಿ ಬೈದದ್ದು ತಪ್ಪು.

ಅದಕ್ಕಿಂತ ದೊಡ್ಡ ನಾಚಿಕೆ ಯಾವುದು ಗೊತ್ತೇ? ಇದೇ ತಪ್ಪನ್ನು ನಾನು ಹಿಂದೊಮ್ಮೆ ಮಾಡಿ, ಬುದ್ಧಿ ಕಲಿತೆ ಅಂದುಕೊಂಡಿದ್ದೆ. ಅದು ಸಿನಿಮಾದಲ್ಲಲ್ಲ, ಹಾಡಿನಲ್ಲಿ. ಈ ವಾರ ಆ ಕಥೆಯನ್ನೇ ಹೇಳಿಬಿಡ್ತೀನಿ. ಕಾರ್ಡಿನವರಿಗೆ ಅದೇ ನನ್ನ ಉತ್ತರ.

ಇಪ್ಪತ್ತು ರೂಪಾಯಿಯ ಕ್ಯಾಸೆಟ್

ಪಿಯುಸಿ ಅರ್ಧಕ್ಕೆ ಬಿಟ್ಟು ಬೆಂಗಳೂರಿನಲ್ಲಿ ಅಲೆಯುತ್ತಿದ್ದ ದಿನಗಳು. ಒಂದು ಭಾನುವಾರ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕದ ರಾಶಿ ನಡುವೆ ಒಂದು ಕ್ಯಾಸೆಟ್ ಕಣ್ಣಿಗೆ ಬಿತ್ತು. ಮೇಲೆ ಚಿತ್ರ: ಒಬ್ಬ ಹೆಂಗಸು ಮಡಕೆ ಎತ್ತಿ ಹೊಡೆಯೋಕೆ ನಿಂತಿದ್ದಾಳೆ, ಕೆಳಗೆ ಗಂಡಸರ ಜಗಳ. ಥೇಟ್ ಫೈಟಿಂಗ್ ಚಿತ್ರದ ಪೋಸ್ಟರ್! ಹೆಸರು ಬಾಬ್ ಡಿಲನ್, ಆಲ್ಬಂ 'ನಾಕ್ಡ್ ಔಟ್ ಲೋಡೆಡ್'. ದೊಡ್ಡ ಕವಿ, ದೊಡ್ಡ ಹಾಡುಗಾರ ಅಂತ ಕೇಳಿದ್ದೆ. ಇಪ್ಪತ್ತು ರೂಪಾಯಿ ಕೊಟ್ಟು ತಂದೆ.

ಹಾಕಿದೆ. ಎ ಸೈಡಿನಲ್ಲಿ ಐದು ಹಾಡು. ಅಯ್ಯೋ ದೇವರೇ! ಮೊದಲನೆಯದು ಯಾರದೋ ಹಳೇ ಕುಣಿತದ ಹಾಡು. ಎರಡನೆಯದರಲ್ಲಿ ಗಾಂಧೀಜಿಯ ಹೆಸರು ಬರುತ್ತೆ, ಮಾರ್ಟಿನ್ ಲೂಥರ್ ಕಿಂಗ್ ಹೆಸರು ಬರುತ್ತೆ, ಹಿಂದೆ ಶಾಲಾ ಮಕ್ಕಳ ಕೋರಸ್. ಅದೂ ಡಿಲನ್ ಬರೆದದ್ದಲ್ಲ, ಕ್ರಿಸ್ ಕ್ರಿಸ್ಟೋಫರ್ಸನ್ ಬರೆದದ್ದು. ಡ್ರಮ್ಮಿನ ಸದ್ದು ತಗಡು ಬಡಿದ ಹಾಗೆ. ಐದನೇ ಹಾಡು ಮುಗಿದದ್ದೇ ಕ್ಯಾಸೆಟ್ ತೆಗೆದು ಮೂಲೆಗೆ ಎಸೆದೆ. 'ಇವನಾ ಮಹಾನುಭಾವ?' ಅಂತ ಗೆಳೆಯರ ಎದುರು ಎರಡು ವರ್ಷ ಆಡಿಕೊಂಡು ನಕ್ಕೆ.

ಆಮೇಲೆ ಮನೆಯ ಹಳೇ ಟೇಪ್ ರೆಕಾರ್ಡರ್ ಕೆಟ್ಟಿತು. ರಿಪೇರಿಯವರು, "ಪರೀಕ್ಷೆಗೆ ಒಂದು ಕ್ಯಾಸೆಟ್ ಕೊಡಿ ತಮ್ಮಾ, ರೀಲು ಸಿಕ್ಕಿಕೊಂಡು ಹಾಳಾದರೂ ಪರವಾಗಿಲ್ಲ ಅನ್ನೋದು ಕೊಡಿ" ಅಂದರು. ಅದಕ್ಕಿಂತ ಯೋಗ್ಯವಾದದ್ದು ಇನ್ನೇನಿತ್ತು? ಕೊಟ್ಟೆ. ಅವರು ಹಾಕಿದ್ದು ಬಿ ಸೈಡು.

ಮೊದಲ ಹಾಡು ಶುರುವಾಯಿತು. ಹೆಸರು 'ಬ್ರೌನ್ಸ್‌ವಿಲ್ ಗರ್ಲ್'. ಹನ್ನೊಂದು ನಿಮಿಷ! ಅದೊಂದು ಸಿನಿಮಾದ ಹಾಡು ಅಂದರೂ ಸರಿ. ಹಾಡುವವನು ಎಂದೋ ನೋಡಿದ ಗ್ರೆಗರಿ ಪೆಕ್ ಚಿತ್ರವೊಂದನ್ನು ನೆನಪು ಮಾಡಿಕೊಳ್ತಾನೆ. 1950ರ 'ದಿ ಗನ್‌ಫೈಟರ್' ಕಥೆ ಅದು, ಹೆಸರು ಮಾಡಬೇಕೆಂಬ ಹುಡುಗನೊಬ್ಬನ ಗುಂಡಿಗೆ ಹೆಸರಾಂತ ಬಂದೂಕುಗಾರ ಬಲಿಯಾಗುವ ಕಥೆ. ಆದರೆ ಅರ್ಧ ಕಥೆ ಮರೆತಿದೆ. ನೆನಪಿನಲ್ಲಿ ಚಿತ್ರದ ದೃಶ್ಯವೂ, ತಾನು ಕಳೆದುಕೊಂಡ ಹುಡುಗಿಯೂ ಕಲಸಿಹೋಗಿ, ಯಾವುದು ಪರದೆಯದು, ಯಾವುದು ಬಾಳಿನದು ಅಂತ ತಿಳಿಯದೆ ಒದ್ದಾಡ್ತಾನೆ. ಕ್ಯೂನಲ್ಲಿ ನಿಂತು ಟಿಕೆಟ್ ತಗೊಂಡ ನಿಮ್ಮ, ನನ್ನ ಕಥೆಯೇ ಅಲ್ಲವೇ ಇದು? ಡಿಲನ್ ಜೊತೆ ಇದನ್ನು ಬರೆದವರು ನಾಟಕಕಾರ, ನಟ ಸ್ಯಾಮ್ ಶೆಪರ್ಡ್. ರಿಪೇರಿ ಅಂಗಡಿಯ ಬಾಗಿಲಲ್ಲಿ ಹನ್ನೊಂದು ನಿಮಿಷ ಕಂಬದ ಹಾಗೆ ನಿಂತಿದ್ದೆ. ನಾನು ಇಂಟರ್‌ವಲ್‌ಗೆ ಎದ್ದು ಬಂದಿದ್ದೆ, ಚಿತ್ರ ಇದ್ದದ್ದು ಆಮೇಲೆ!

ಅಂದೇ ಹಠ ತೊಟ್ಟೆ. ಈತನ ಆಲ್ಬಂಗಳನ್ನೆಲ್ಲಾ ಮೊದಲಿಂದ ಕೇಳಬೇಕು. 1962ರಿಂದ ಲೆಕ್ಕ ಹಾಕಿದರೆ ಸ್ಟುಡಿಯೋ ಆಲ್ಬಂಗಳೇ ಸುಮಾರು ನಲವತ್ತು. ಫೋನಿನಲ್ಲಿ ಹುಡುಕಿ, ಬಸ್ಸಿನಲ್ಲಿ, ಹೋಟೆಲಿನಲ್ಲಿ, ನಿದ್ದೆ ಬಾರದ ರಾತ್ರಿಗಳಲ್ಲಿ ಕೇಳಿದೆ. ಚಿನ್ನ ಸಿಕ್ಕಿತು, ಕಾಗೆ ಬಂಗಾರವೂ ಬೇಕಾದಷ್ಟು ಸಿಕ್ಕಿತು.

ಓದು ಬಿಟ್ಟ ಹುಡುಗ

ಹುಟ್ಟಿದ್ದು 24 ಮೇ 1941, ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ. ನಿಜ ಹೆಸರು ರಾಬರ್ಟ್ ಝಿಮ್ಮರ್‌ಮನ್. ಬೆಳೆದದ್ದು ಹಿಬ್ಬಿಂಗ್ ಎಂಬ ಕಬ್ಬಿಣದ ಗಣಿ ಊರಿನಲ್ಲಿ. ಯೂನಿವರ್ಸಿಟಿಗೆ ಸೇರಿದ, ಒಂದೇ ವರ್ಷಕ್ಕೆ ಬಿಟ್ಟ. (ಈ ಸಾಲು ಓದಿದಾಗ ನನಗಾದ ಸಂತೋಷ ಹೇಳತೀರದು!) 1961ರ ಜನವರಿ ಚಳಿಯಲ್ಲಿ ನ್ಯೂಯಾರ್ಕಿಗೆ ಬಂದಿಳಿದ. ಕಾಫಿ ಹೋಟೆಲುಗಳಲ್ಲಿ ಗಿಟಾರ್ ಹಿಡಿದು, ಕೊರಳಿಗೆ ಮೌತ್ ಆರ್ಗನ್ ಕಟ್ಟಿಕೊಂಡು ಹಾಡಿದ.

ಕೊಲಂಬಿಯಾ ಕಂಪೆನಿಯ ಜಾನ್ ಹ್ಯಾಮಂಡ್ ಈತನನ್ನು ಕರೆದು ಹಾಡಿಸಿದರು. 1962ರಲ್ಲಿ ಬಂದ ಮೊದಲ ಆಲ್ಬಂನ ಹದಿಮೂರು ಹಾಡಿನಲ್ಲಿ ಡಿಲನ್ ಬರೆದದ್ದು ಎರಡೇ. ಮಾರಾಟ ನೆಲಕಚ್ಚಿತು. ಕಂಪೆನಿಯೊಳಗೆ ಜನ 'ಹ್ಯಾಮಂಡನ ಹುಚ್ಚಾಟ' ಅಂತ ಆಡಿಕೊಂಡರು. ಅಂದರೆ ನೋಡಿ, ಈತನ ಮೊದಲ ಚಿತ್ರವೇ ಫ್ಲಾಪು! ಅಲ್ಲಿಗೇ ಎದ್ದು ಹೋದವರಿಗೆ ಮರುವರ್ಷದ 'ದಿ ಫ್ರೀವೀಲಿನ್' ಬಾಬ್ ಡಿಲನ್' ಸಿಗಲಿಲ್ಲ. 'ಬ್ಲೋಯಿಂಗ್ ಇನ್ ದಿ ವಿಂಡ್' ಇದ್ದದ್ದು ಅದರಲ್ಲಿ. 28 ಆಗಸ್ಟ್ 1963ರಂದು ವಾಷಿಂಗ್ಟನ್‌ನಲ್ಲಿ ಕರಿಯರ ಹಕ್ಕಿಗಾಗಿ ಲಕ್ಷಾಂತರ ಜನ ಸೇರಿದಾಗ, ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ ಆ ಸಭೆಯಲ್ಲೇ 22 ವರ್ಷದ ಈ ಹುಡುಗನೂ ಹಾಡಿದ.

ಅಭಿಮಾನಿಗಳೇ ಸೋತ ಕಥೆ

ಈಗ ಕೇಳಿ ಸ್ವಾರಸ್ಯ. ಜನಪದ ಶೈಲಿಯ, ಒಂದೇ ಗಿಟಾರಿನ ಡಿಲನ್‌ನನ್ನು ತಲೆ ಮೇಲೆ ಹೊತ್ತವರು ಅಭಿಮಾನಿಗಳು. 25 ಜುಲೈ 1965ರಂದು ನ್ಯೂಪೋರ್ಟ್ ಜನಪದ ಸಂಗೀತ ಉತ್ಸವದಲ್ಲಿ ಆತ ಎಲೆಕ್ಟ್ರಿಕ್ ಗಿಟಾರ್ ಹಿಡಿದು, ಬ್ಯಾಂಡ್ ಕಟ್ಟಿಕೊಂಡು ವೇದಿಕೆ ಹತ್ತಿದ. ಕೆಳಗಿನಿಂದ ಕೂಗಾಟ! ಮರುವರ್ಷ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಒಬ್ಬ ಪ್ರೇಕ್ಷಕ 'ಜೂಡಾಸ್' ಅಂತ ಕೂಗಿದ. ಏಸುವನ್ನು ಹಿಡಿದುಕೊಟ್ಟ ದ್ರೋಹಿಯ ಹೆಸರದು.

ಆ ಹೊತ್ತಿಗೆ ಆತ ಮಾಡುತ್ತಿದ್ದದ್ದೇನು? 'ಬ್ರಿಂಗಿಂಗ್ ಇಟ್ ಆಲ್ ಬ್ಯಾಕ್ ಹೋಮ್', 'ಹೈವೇ 61 ರಿವಿಸಿಟೆಡ್', 'ಬ್ಲಾಂಡ್ ಆನ್ ಬ್ಲಾಂಡ್'. 1965-66ರ ಸುಮಾರು ಹದಿನೈದು ತಿಂಗಳಲ್ಲಿ ಮೂರು ಆಲ್ಬಂ, ಮೂರೂ ಅಪರಂಜಿ. ರೇಡಿಯೋ ಹಾಡು ಮೂರು ನಿಮಿಷ ಮೀರಬಾರದು ಅನ್ನೋ ಕಾಲದಲ್ಲಿ ಆರು ನಿಮಿಷದ 'ಲೈಕ್ ಎ ರೋಲಿಂಗ್ ಸ್ಟೋನ್' ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಕೂಗಾಡಿದವರು ಸೋತರು. ಅಭಿಮಾನಿಯ ಸಿಟ್ಟು ಯಾವಾಗಲೂ ಸರಿ ಅಂತೇನಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

1966ರ ಜುಲೈಯಲ್ಲಿ ಮೋಟರ್ ಸೈಕಲ್ ಅಪಘಾತ. ಊರೂರು ಸುತ್ತುವುದು ನಿಂತಿತು. ಮರುವರ್ಷದ ಕೊನೆಗೆ ಬಂದದ್ದು 'ಜಾನ್ ವೆಸ್ಲಿ ಹಾರ್ಡಿಂಗ್'. ಸದ್ದು ಗದ್ದಲವಿಲ್ಲದ ಸಣ್ಣ ಸಣ್ಣ ಹಾಡುಗಳು. ಅದರ ಹೊದಿಕೆಯ ಮೇಲೆ ಡಿಲನ್ ಪಕ್ಕ ನಿಂತಿರೋರು ಯಾರು ಗೊತ್ತೇ? ನಮ್ಮ ಬಂಗಾಳದ ಬಾವುಲ್ ಗಾಯಕರು, ಪೂರ್ಣದಾಸ್ ಮತ್ತು ಲಕ್ಷ್ಮಣದಾಸ್!

ಕವಿಯ ದನಿಯೇ ಇಲ್ಲದ ಹಾಡು

1970ರ ಜೂನ್. 'ಸೆಲ್ಫ್ ಪೋರ್ಟ್ರೇಟ್' ಬಂತು. ಎರಡು ಎಲ್.ಪಿ., 24 ಹಾಡು. ಮೊದಲ ಹಾಡಿನಲ್ಲಿ ಡಿಲನ್ ದನಿಯೇ ಇಲ್ಲ, ಹೆಂಗಸರ ಕೋರಸ್ ಒಂದೇ ಮಾತನ್ನು ತಿರುಗಾಮುರುಗಾ ಹಾಡುತ್ತೆ. ನಾಯಕನೇ ಇಲ್ಲದ ಮೊದಲ ರೀಲು! 'ರೋಲಿಂಗ್ ಸ್ಟೋನ್' ಪತ್ರಿಕೆಯ ವಿಮರ್ಶಕ ಗ್ರೀಲ್ ಮಾರ್ಕಸ್ ಬೈಗುಳದಿಂದಲೇ ಶುರು ಮಾಡಿದರು. ನನ್ನ ಹಿಂದೆ ಬಿದ್ದ ಜನರನ್ನು ಓಡಿಸೋಕೆ ಬೇಕಂತಲೇ ಹಾಗೆ ಮಾಡಿದೆ ಅನ್ನೋ ಅರ್ಥದಲ್ಲಿ ಡಿಲನ್ 2004ರ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆದರೆ ಆಗ ಉಳಿದುಹೋಗಿದ್ದ ಹಾಡುಗಳು, ಅಲಂಕಾರ ತೆಗೆದ ಹಾಡುಗಳು 2013ರಲ್ಲಿ ಬೇರೆಯಾಗಿ ಹೊರಬಂದಾಗ, ಬೈದವರೇ ಕಿವಿಗೊಟ್ಟು ಕೇಳಿದರು. ವಿಮರ್ಶಕರು ಇಲ್ಲಿ ಅರ್ಧ ಗೆದ್ದರು, ಅರ್ಧ ಸೋತರು ಅನ್ನೋಣ.

ಆಮೇಲೆ 1973. ಸ್ಯಾಮ್ ಪೆಕಿನ್‌ಪಾ ನಿರ್ದೇಶನದ 'ಪ್ಯಾಟ್ ಗ್ಯಾರೆಟ್ ಅಂಡ್ ಬಿಲ್ಲಿ ದಿ ಕಿಡ್' ಚಿತ್ರಕ್ಕೆ ಸಂಗೀತ ಕೊಟ್ಟು, ಒಂದು ಸಣ್ಣ ಪಾತ್ರವನ್ನೂ ಮಾಡಿದ. ಪಾತ್ರದ ಹೆಸರೇ 'ಏಲಿಯಾಸ್'! ನಟನೆ ಅಷ್ಟಕ್ಕಷ್ಟೇ. ಆದರೆ ಸಾಯುತ್ತಿರುವ ಶೆರೀಫ್ ಒಬ್ಬನ ದೃಶ್ಯಕ್ಕಾಗಿ ಬಂದ 'ನಾಕಿಂಗ್ ಆನ್ ಹೆವೆನ್ಸ್ ಡೋರ್' ಇವತ್ತಿಗೂ ಗಿಟಾರ್ ಕಲಿಯೋ ಹುಡುಗರ ಮೊದಲ ಪಾಠ.

1975ರ ಜನವರಿಯಲ್ಲಿ 'ಬ್ಲಡ್ ಆನ್ ದಿ ಟ್ರ್ಯಾಕ್ಸ್'. ಸಂಸಾರ ಬಿರುಕು ಬಿಡುತ್ತಿದ್ದ ಹೊತ್ತಿನ ಹಾಡುಗಳು. ನ್ಯೂಯಾರ್ಕಿನಲ್ಲಿ ಧ್ವನಿಮುದ್ರಣ ಮುಗಿದಿತ್ತು. ಆತನಿಗೇ ತೃಪ್ತಿಯಿಲ್ಲ. 1974ರ ಡಿಸೆಂಬರಿನಲ್ಲಿ ಮಿನಿಯಾಪೊಲಿಸ್‌ಗೆ ಹೋಗಿ, ಅಲ್ಲಿನ ಸ್ಥಳೀಯ ವಾದ್ಯಗಾರರನ್ನು ಸೇರಿಸಿಕೊಂಡು ಹತ್ತರಲ್ಲಿ ಐದು ಹಾಡನ್ನು ಮತ್ತೆ ಹಾಡಿದ. ಪಾಪ, ಆ ವಾದ್ಯಗಾರರ ಹೆಸರು ಹೊದಿಕೆಯ ಮೇಲೆ ಬರಲೇ ಇಲ್ಲ. ಪ್ರೀತಿಯಲ್ಲಿ ಸೋತ ಗೆಳೆಯ ಯಾರಾದರೂ ಇದ್ದರೆ ಅವನಿಗೆ ಈ ಆಲ್ಬಂ ಕೊಡಿ. ಸಮಾಧಾನ ಹೇಳೋ ಕೆಲಸ ಉಳಿಯುತ್ತೆ.

ತನ್ನ ಚಿನ್ನ ತನಗೇ ತಿಳಿಯದು

ಚಿತ್ರ ನಿರ್ದೇಶನದ ಹುಚ್ಚೂ ಹಿಡಿಯಿತು. 1978ರ 'ರೆನಾಲ್ಡೋ ಅಂಡ್ ಕ್ಲಾರಾ' ಹತ್ತಿರ ಹತ್ತಿರ ನಾಲ್ಕು ಗಂಟೆ! ಬಂದಷ್ಟೇ ಬೇಗ ಹೋಯಿತು. 1979ರಲ್ಲಿ ಕ್ರೈಸ್ತ ಭಕ್ತಿಗೆ ತಿರುಗಿದ. ಆ ವರ್ಷದ ಕೊನೆಯ ಕಛೇರಿಗಳಲ್ಲಿ ಹಳೇ ಹಾಡು ಒಂದನ್ನೂ ಹಾಡೋಲ್ಲ ಅಂತ ಪಟ್ಟು ಹಿಡಿದ. 'ಸ್ಲೋ ಟ್ರೈನ್ ಕಮಿಂಗ್' ಒಳ್ಳೆಯ ಆಲ್ಬಂ, ಗ್ರ್ಯಾಮಿಯೂ ಬಂತು. ಮರುವರ್ಷದ 'ಸೇವ್ಡ್' ಕೇಳುವಾಗ ಹಾಡಿಗಿಂತ ಉಪದೇಶವೇ ಜಾಸ್ತಿ ಅನ್ನಿಸಿತು ನನಗೆ.

1983ರ 'ಇನ್ಫಿಡೆಲ್ಸ್' ವಿಷಯ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯೋಲ್ಲ. ಆ ಹೊತ್ತಿಗೆ 'ಬ್ಲೈಂಡ್ ವಿಲ್ಲಿ ಮೆಕ್‌ಟೆಲ್' ಎಂಬ ಹಾಡನ್ನು ಹಾಡಿ ಮುದ್ರಿಸಿದ್ದ. ಹಳೇ ಬ್ಲೂಸ್ ಗಾಯಕನನ್ನು ನೆನೆದು ಬರೆದ ಹಾಡು. ಆತನ ಬಾಳಿನ ಅತ್ಯುತ್ತಮ ಹಾಡುಗಳಲ್ಲಿ ಅದೊಂದು. ಆಲ್ಬಂಗೆ ಹಾಡು ಆರಿಸುವಾಗ ಅದನ್ನೇ ಕೈಬಿಟ್ಟ! ಅಧಿಕೃತವಾಗಿ ಹೊರಬಂದದ್ದು 1991ರಲ್ಲಿ. ಬರೆದವನಿಗೇ ತನ್ನ ಚಿನ್ನ ಯಾವುದು, ಕಾಗೆ ಬಂಗಾರ ಯಾವುದು ಅಂತ ತಿಳಿಯದಿದ್ದರೆ, ಇಂಟರ್‌ವಲ್‌ಗೆ ಎದ್ದು ಬಂದ ನನ್ನಂಥವನಿಗೆ ಎಲ್ಲಿ ತಿಳಿಯಬೇಕು?

ಗುಂಡಿಯಲ್ಲಿ ಬಿದ್ದ ಕಾಲ

ಇಷ್ಟು ಹೇಳಿದೆ ಅಂತ ಎಲ್ಲಾ ಆಲ್ಬಂಗೂ ಒಂದು ಬಿ ಸೈಡ್ ಇದ್ದೇ ಇರುತ್ತೆ ಅಂದುಕೊಳ್ಳಬೇಡಿ. 1986ರ 'ನಾಕ್ಡ್ ಔಟ್ ಲೋಡೆಡ್'ನಲ್ಲಿ ಒಂದು ರತ್ನ ಇತ್ತು, ಮಿಕ್ಕದ್ದು ಮಣ್ಣು. 1988ರ 'ಡೌನ್ ಇನ್ ದಿ ಗ್ರೂವ್'ನಲ್ಲಿ ಹತ್ತು ಹಾಡು, ಅರ್ಧ ಗಂಟೆ ಚಿಲ್ಲರೆ, ಡಿಲನ್ ಒಬ್ಬನೇ ಬರೆದದ್ದು ಎರಡೇ. ಅದನ್ನು ಆರು ಸಲ ಕೇಳಿದೆ. ಹಿಂದೆ ಮುಂದೆ ತಿರುಗಿಸಿ ಕೇಳಿದೆ. ಕೆಟ್ಟ ಆಲ್ಬಂ ಸ್ವಾಮಿ, ಕೆಟ್ಟ ಆಲ್ಬಂ! ಇದನ್ನು ಧೈರ್ಯವಾಗಿ ಹೇಳ್ತೀನಿ, ಪೂರ್ತಿ ಕೇಳಿದ್ದೀನಲ್ಲ. ನಡುವೆ 1987ರಲ್ಲಿ 'ಹಾರ್ಟ್ಸ್ ಆಫ್ ಫೈರ್' ಅಂತ ಒಂದು ಚಿತ್ರ, ಮುದಿ ರಾಕ್ ಗಾಯಕನ ಪಾತ್ರ. ಅದೂ ಮಕಾಡೆ ಮಲಗಿತು.

ಆ ದಿನಗಳಲ್ಲಿ ತಾನು ಖಾಲಿಯಾಗಿಬಿಟ್ಟಿದ್ದೆ, ಎಲ್ಲಾ ಬಿಟ್ಟುಬಿಡೋಣ ಅಂದುಕೊಂಡಿದ್ದೆ ಅಂತ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ವಾರಕ್ಕೊಂದು ಅಂಕಣ ಬರೆಯೋ ನನಗೆ ಈ ಮಾತು ಎದೆಗೆ ನಾಟಿತು. ಎಲ್ಲಾ ವಾರವೂ ಮಾತು ಹುಟ್ಟೋಲ್ಲ. ಹುಟ್ಟದ ವಾರವೂ ಪುಟ ತುಂಬಬೇಕು. ಆವಾಗಲೇ ಮನುಷ್ಯ ಇಂಟರ್‌ವಲ್‌ಗೆ ಎದ್ದು ಬಂದು ನಾಲ್ಕು ಸಾಲು ಗೀಚೋದು.

ಆದರೆ ಡಿಲನ್ ಬಿಡಲಿಲ್ಲ. 1988ರ ಜೂನ್‌ನಿಂದ ಊರೂರು ತಿರುಗಿ ಹಾಡೋಕೆ ಹೊರಟವನು ದಶಕಗಟ್ಟಲೆ ತಿರುಗಿದ. 1989ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಡೇನಿಯಲ್ ಲಾನ್ವಾ ಜೊತೆ 'ಓ ಮರ್ಸಿ' ಮಾಡಿದ. ಸೊಗಸಾದ ಆಲ್ಬಂ. ಮರುವರ್ಷವೇ 'ಅಂಡರ್ ದಿ ರೆಡ್ ಸ್ಕೈ', ಮತ್ತೆ ಗುಂಡಿಗೆ!

ಆಮೇಲೆ ಮಾಡಿದ್ದು ನೋಡಿ. 1992, 1993ರಲ್ಲಿ ಎರಡು ಆಲ್ಬಂ. ಸ್ವಂತ ಹಾಡು ಒಂದೂ ಇಲ್ಲ. ಒಬ್ಬನೇ ಕೂತು, ಗಿಟಾರ್ ಹಿಡಿದು, ನ್ಯೂಯಾರ್ಕಿಗೆ ಬಂದ ಹೊಸದರಲ್ಲಿ ಹಾಡುತ್ತಿದ್ದಂಥ ಹಳೇ ಜನಪದ ಹಾಡು, ಹಳೇ ಬ್ಲೂಸ್ ಹಾಡಿದ. ಐವತ್ತು ದಾಟಿದ ಮನುಷ್ಯ ಮತ್ತೆ ಒಂದನೇ ಕ್ಲಾಸಿಗೆ ಹೋಗಿ ಕೂತ! 'ಬರೆಯೋದು ನಿಂತುಹೋಯ್ತು ಕಣಯ್ಯಾ' ಅಂದವರು ಅಲ್ಲಿಗೇ ಎದ್ದು ಹೋದರು.

ಏಳು ವರ್ಷ ಹೊಸ ಸ್ವಂತ ಹಾಡುಗಳ ಆಲ್ಬಂ ಇಲ್ಲದೆ ಕಳೆದ ಮೇಲೆ, 1997ರಲ್ಲಿ 'ಟೈಮ್ ಔಟ್ ಆಫ್ ಮೈಂಡ್' ಬಂತು. ದನಿ ಒಡೆದಿದೆ, ಗಂಟಲಲ್ಲಿ ಜಲ್ಲಿಕಲ್ಲು. ಹಾಡಿನಲ್ಲಿ ಮುಪ್ಪು, ಸಾವು, ಮುಗಿದ ಪ್ರೀತಿ. ವರ್ಷದ ಅತ್ಯುತ್ತಮ ಆಲ್ಬಂ ಎಂಬ ಗ್ರ್ಯಾಮಿ ಅದಕ್ಕೇ. ಅಲ್ಲಿಂದ ಎರಡನೇ ಆಟ ಶುರು! 'ವಂಡರ್ ಬಾಯ್ಸ್' ಚಿತ್ರದ ಹಾಡಿಗೆ 2001ರಲ್ಲಿ ಆಸ್ಕರ್. 2006ರ 'ಮಾಡರ್ನ್ ಟೈಮ್ಸ್' 65ನೇ ವಯಸ್ಸಿನಲ್ಲಿ ಅಮೆರಿಕದ ನಂಬರ್ ಒನ್. 2016ರಲ್ಲಿ ಸಾಹಿತ್ಯಕ್ಕೆ ನೊಬೆಲ್. ನಡುವೆ ಕ್ರಿಸ್ಮಸ್ ಹಾಡಿನ ಆಲ್ಬಂ, ಫ್ರಾಂಕ್ ಸಿನಾತ್ರಾ ಕಾಲದ ಹಾಡುಗಳ ಸಾಲು ಸಾಲು ಆಲ್ಬಂ. ಅವುಗಳಲ್ಲಿ ಕೆಲವು ನನಗೆ ಹಿಡಿಸಿಲ್ಲ. 2020ರ 'ರಫ್ ಅಂಡ್ ರೌಡಿ ವೇಸ್' ಬಂದಾಗ ವಯಸ್ಸು 79. ಅದರ ಕೊನೆಯ ಹಾಡು, ಕೆನಡಿ ಕೊಲೆಯ ಬಗ್ಗೆ, ಹದಿನೇಳು ನಿಮಿಷ!

2024ರ ಕೊನೆಗೆ ತಿಮೊಥೆ ಶಾಲಮೇ ಡಿಲನ್ ಆಗಿ ನಟಿಸಿದ 'ಎ ಕಂಪ್ಲೀಟ್ ಅನ್‌ನೋನ್' ಬಂತಲ್ಲ, ಚೆನ್ನಾಗಿದೆ, ನೋಡಿ. ಆದರೆ ಅದು 1965ರಲ್ಲೇ ಮುಗಿಯುತ್ತೆ. ಇಂಟರ್‌ವಲ್‌ಗೂ ಮುಂಚೆ!

ಎಲ್ಲಿಂದ ಶುರು ಮಾಡೋದು?

ಗೆಳೆಯರೇ, ನನ್ನ ಹಾಗೆ ತಪ್ಪು ಬಾಗಿಲಿಂದ ಹೋಗಬೇಡಿ. ಮೊದಲು 'ಫ್ರೀವೀಲಿನ್'. ಆಮೇಲೆ 'ಹೈವೇ 61'. ಆಮೇಲೆ 'ಬ್ಲಡ್ ಆನ್ ದಿ ಟ್ರ್ಯಾಕ್ಸ್'. ಅಲ್ಲಿಂದ ಒಂದೇ ನೆಗೆತಕ್ಕೆ 'ಟೈಮ್ ಔಟ್ ಆಫ್ ಮೈಂಡ್'. ಈ ನಾಲ್ಕರ ದನಿ ಕಿವಿಗೆ ಒಗ್ಗಿದ ಮೇಲೆ ಎಂಬತ್ತರ ದಶಕದ ಗುಂಡಿಗೆ ಇಳಿಯಿರಿ. ಇಳಿಯಲೇಬೇಕು ಅಂತೀನಿ ನಾನು. ಗುಂಡಿಯಲ್ಲಿ ಬಿದ್ದವನು ಹೇಗೆ ಎದ್ದ ಅನ್ನೋದು ಗುಂಡಿ ನೋಡದೆ ತಿಳಿಯೋಲ್ಲ.

ಇನ್ನು ತಿಪಟೂರಿನವರಿಗೆ. ನಮ್ಮ ನಾಯಕ ಮಾಡಿದ್ದೆಲ್ಲಾ ಚಿನ್ನ ಅನ್ನೋದು ಅಭಿಮಾನ ಅಲ್ಲ, ಕುರುಡು. ಹಾಗಂತ ಅರ್ಧ ನೋಡಿ ಡಬ್ಬಾ ಅನ್ನೋದು ವಿಮರ್ಶೆಯೂ ಅಲ್ಲ, ಸೋಮಾರಿತನ. ಬೈಯೋ ಹಕ್ಕು ಕೊನೇವರೆಗೂ ಕೂತವನಿಗೆ ಮಾತ್ರ. ನೀವು ಕೂತಿದ್ದಿರಿ, ನಾನು ಕೂರಲಿಲ್ಲ. ತಪ್ಪಾಯ್ತು.

ಆ ಚಿತ್ರ ಇಲ್ಲಿಂದ ಎತ್ತಂಗಡಿಯಾಗಿದೆ. ಪಕ್ಕದ ಊರಿನ ಟಾಕೀಸಿನಲ್ಲಿ ಈ ಶುಕ್ರವಾರದವರೆಗೆ ಸೆಕೆಂಡ್ ಶೋ ಮಾತ್ರ ಇದೆಯಂತೆ. ಹೋಗ್ತೀನಿ. ಕೊನೇ ಬಸ್ಸು ತಪ್ಪಿದರೆ ಬಸ್ ಸ್ಟ್ಯಾಂಡಿನಲ್ಲೇ ಮಲಗ್ತೀನಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅಂತಲೇ ಬರೀತೀನಿ, ಕಾರ್ಡು ಕೆಂಪಾಗಿ ಬಂದರೂ ಸರಿ. ಆದರೆ ಈ ಸಲ ಪರದೆ ಬಿಳಿಯಾಗಿ, ಲೈಟು ಹತ್ತಿದ ಮೇಲೆ.